ಚಿಕ್ಕವ್ವನ ಕಾರಿಗೆ ತಣ್ಣನೆ ಗಾಳಿ

ಕಾರು ನೋಡುವುದಕ್ಕೆ ಮುಂಚೆ ಕಾಲು ತೊಳೆಯಬೇಕಾದ ಮನೆ ಕೊಳ್ಳೇಗಾಲದಲ್ಲಿ ಒಂದೇ ಒಂದಿದೆ. ಅದು ನಮ್ಮ ಚಿಕ್ಕವ್ವನ ಮನೆ. ನಂಬುವುದಿಲ್ಲವೆ? ಬೇಕಾದರೆ ಹೋಗಿ ನೋಡಿ. ಶೆಡ್ಡಿನ ಬಾಗಿಲಲ್ಲಿ ಒಂದು ಬಕೆಟ್ ನೀರು, ಒಂದು ಚೊಂಬು, ಪಕ್ಕದಲ್ಲಿ ಬ್ಲೀಚಿಂಗ್ ಪುಡಿ ಉದುರಿಸಿದ ಗೋಣಿತಾಟು. ಕಾಲು ತೊಳೆದು, ತಾಟಿನ ಮೇಲೆ ನಿಂತು ಅಂಗಾಲು ಒರೆಸಿಕೊಂಡ ಮೇಲೇ ಒಳಗೆ ಪ್ರವೇಶ. ಒಳಗಿರುವುದು ಬಸವಣ್ಣನ ಗುಡಿಯಲ್ಲ. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ಆನಿಸಿಕೊಂಡು ಕೂತ ಒಂದು ಕೆಂಪು ಸ್ಪೋರ್ಟ್ಸ್ ಕಾರು!

ಒಂದು ಸಲ ಪಕ್ಕದ ಮನೆಗೆ ಬಂದಿದ್ದ ಬೀಗರು ಕಾರು ನೋಡುವ ಆಸೆಪಟ್ಟರು. ಬಿಳೀ ಪಂಚೆ ಎತ್ತಿ ಕಟ್ಟಿ, ಎರಡೂ ಕಾಲು ತೊಳೆದು, ಪುಡಿ ಮೆತ್ತಿಕೊಂಡು ಒಳಗೆ ಹೋದರು. ಹೋದವರು ಮರ್ಯಾದೆಗೆ ಅಂತ, "ಎಷ್ಟು ಓಡ್ತದಮ್ಮ ಇದು?" ಅಂತ ಕೇಳಿಬಿಟ್ಟರು. ಚಿಕ್ಕವ್ವನ ಮುಖ ಕಪ್ಪಾಯಿತು. "ಎಷ್ಟು ಅಂತ ಕೇಳ್ಬಾರ್ದು ಕಣ್ರಿ, ದೃಷ್ಟಿ ಆಯ್ತದೆ. ಒರಗೆ ಬನ್ನಿ" ಅಂತ ಅವರನ್ನು ಹೊರಗೆ ಕಳಿಸಿದಳು. ಅರ್ಧ ನಿಮಿಷದ ದರ್ಶನಕ್ಕೆ ಐದು ನಿಮಿಷ ಕಾಲು ತೊಳೆದ ಆ ಬೀಗರು ಮತ್ತೆ ಆ ಬೀದಿಗೆ ಬಂದದ್ದನ್ನು ನಾನು ನೋಡಿಲ್ಲ.

ಇದು ಹುಚ್ಚಲ್ಲ ಸ್ವಾಮಿ, ಅಭ್ಯಾಸ. ಚಿಕ್ಕವ್ವ ಅಂದರೆ ನಮ್ಮವ್ವನ ತಂಗಿ. ಮೂವತ್ತು ವರ್ಷಕ್ಕೂ ಮೇಲೆ ರೇಷ್ಮೆ ಇಲಾಖೆಯಲ್ಲಿ ಪ್ರದರ್ಶಕಿಯಾಗಿದ್ದವಳು. ಮೊಪೆಡ್ ಮೇಲೆ ಮುಳ್ಳೂರು, ಬಂಡಳ್ಳಿ, ಯಳಂದೂರು ಅಂತ ಅಲೆದು, ರೈತರ ಹುಳುಮನೆಗೆ ನುಗ್ಗಿ, "ಕಿಟಕಿ ತೆಗೀರಿ, ಉಳಕ್ಕೆ ಉಸಿರು ಕಟ್ತಾ ಅದೆ" ಅಂತ ಬೈದು ಬರುವುದೇ ಅವಳ ಕೆಲಸ. ರೇಷ್ಮೆ ಹುಳುವಿನಷ್ಟು ನಾಜೂಕಿನ ಪ್ರಾಣಿ ಇನ್ನೊಂದಿಲ್ಲವಂತೆ. ಒಸಿ ಸೆಕೆಯಾದರೆ ಸೊಪ್ಪು ಮುಟ್ಟುವುದಿಲ್ಲ, ಒಸಿ ಥಂಡಿಯಾದರೆ ಮುದುರಿಕೊಳ್ಳುತ್ತದೆ, ಹೊರಗಿನವರ ಕಾಲಿನ ಧೂಳು ಬಿದ್ದರೆ ರೋಗ. ಮನೆಯಲ್ಲಿ ಎಷ್ಟು ಹುಳುವಿದೆ ಅಂತ ಯಾರಿಗೂ ಹೇಳಬಾರದು. ನಿವೃತ್ತಿಯಾದ ದಿನ ಆಫೀಸಿನವರು ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಹುಳುವಿನ ನಿಯಮಗಳನ್ನು ಮಾತ್ರ ಯಾರೂ ವಾಪಸ್ ಇಸಿದುಕೊಳ್ಳಲಿಲ್ಲ!

ಅವನ್ನು ಅವಳು ಮನೆಗೆ ತಂದು ಮೊದಲು ಮೊಸರಿಗೆ, ಆಮೇಲೆ ದೋಸೆ ಹಿಟ್ಟಿಗೆ, ಆಮೇಲೆ ನಮಗೆಲ್ಲ ಹಚ್ಚಿದಳು. ಅವಳ ಹತ್ತಿರ ಒಂದು ಮರದ ಹಲಗೆ ಇದೆ. ಅದರ ಮೇಲೆ ಎರಡು ಥರ್ಮಾಮೀಟರು. ಒಂದು ಒಣಗಿದ್ದು, ಇನ್ನೊಂದರ ಬುಡಕ್ಕೆ ಒದ್ದೆ ಬತ್ತಿ. ಎರಡನ್ನೂ ನೋಡಿ ಕೋಣೆಯಲ್ಲಿ ಶಾಖ ಎಷ್ಟು, ತೇವ ಎಷ್ಟು ಅಂತ ಹೇಳುತ್ತಾಳೆ. ನನಗೊಮ್ಮೆ ಜ್ವರ ಬಂದಾಗ ನೋಡಲು ಬಂದವಳು ಹಣೆ ಮುಟ್ಟುವ ಬದಲು ಗೋಡೆಗೆ ಆ ಹಲಗೆ ನೇತುಹಾಕಿದಳು. "ತೇವ ಜಾಸ್ತಿ ಆಗದೆ ಕಣ್ಲಾ. ಇಂಥ ಕೋಣೆಲಿ ಮನುಸ ಎಂಗೆ ಉಸಾರಾದಾನು?" ಅಂತ ಇದ್ದಬದ್ದ ಕಿಟಕಿಯೆಲ್ಲ ತೆಗೆಸಿದಳು. ಸೊಳ್ಳೆ ನುಗ್ಗಿ ನನ್ನ ಜ್ವರ ಇನ್ನೆರಡು ದಿನ ಹೆಚ್ಚಾಯಿತು.

ಇಂಥವಳಿಗೆ ಸ್ಪೋರ್ಟ್ಸ್ ಕಾರು ಯಾಕೆ? ಅದಕ್ಕೆ ಕಾರಣ ನಮ್ಮ ಚಿಕ್ಕಪ್ಪ.

ಚಿಕ್ಕಪ್ಪ ಬಸ್ ಡ್ರೈವರು. (ಚಿಕ್ಕವ್ವನಿಗೆ ಏಕವಚನ, ಚಿಕ್ಕಪ್ಪನಿಗೆ ಬಹುವಚನ ಯಾಕೆ ಅಂತ ಕೇಳಬೇಡಿ. ಅವಳು ನನ್ನನ್ನು ಕಂಕುಳಲ್ಲಿ ಎತ್ತಿ ಆಡಿಸಿದವಳು. ಅವರು ಖಾಕಿ ಹಾಕಿಕೊಂಡು ಹಾರನ್ ಹೊಡೆಯುತ್ತಿದ್ದವರು.) ಕೊಳ್ಳೇಗಾಲದಿಂದ ಯಳಂದೂರಿನ ಮೇಲೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ಬಸ್ಸು ಅವರದು. ಘಾಟಿಯ ತಿರುವೆಲ್ಲ ಅವರಿಗೆ ಬಾಯಿಪಾಠ. ನಿವೃತ್ತಿಯಾಗಿ ಎರಡು ವರ್ಷಕ್ಕೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಲೈಸೆನ್ಸ್ ರಿನ್ಯೂವಲ್ ಆಗಲಿಲ್ಲ. ಅವತ್ತು ಜಗಲಿ ಮೇಲೆ ಕೂತವರು ಆಮೇಲೆ ಯಾವ ಗಾಡಿಯನ್ನೂ ಹತ್ತಲಿಲ್ಲ. ಮದುವೆ, ತಿಥಿ, ನಾಮಕರಣ, ಯಾವುದಕ್ಕೂ ಇಲ್ಲ. ನಡೆದು ಹೋಗುವಷ್ಟು ದೂರದಲ್ಲಿ ಯಾರಾದರೂ ಸತ್ತರೆ ಮಾತ್ರ ಹೋಗುತ್ತಿದ್ದರು.

"ಎಡಗಡೆ ಕೂತ್ರೆ ಕ್ಲೀನರ್ರು. ಇಂದೆ ಕೂತ್ರೆ ಟಿಕೆಟ್ ತಕಂಡೋನು. ನಾನು ಎಲ್ ಕೂತ್ಕಳ್ಳಿ?" ಅಂತ ಅವರ ವಾದ. ಯಾರು ಉತ್ತರ ಹೇಳಬೇಕು ಇದಕ್ಕೆ? ಚಿಕ್ಕವ್ವ ಬೈದಳು, ಬೇಡಿಕೊಂಡಳು, ಎರಡು ದಿನ ಮಾತು ಬಿಟ್ಟಳು. ಕೊನೆಗೆ ಪೀಡೆ ತಪ್ಪಲಿ ಅಂತ ಚಿಕ್ಕಪ್ಪ ಒಂದು ಷರತ್ತು ಹಾಕಿದರು.

"ನನ್ನ ಬಸ್ಸು ಬೆಟ್ಟನ ಒಂದೇ ಉಸ್ರಿಗೆ ಅತ್ತೋದು. ಅಂಥ ಗಾಡಿ ಇದ್ರೆ ತಕಂಡು ಬಾ ಮೇಡಮ್ಮು, ಕೂತ್ಕತೀನಿ. ಎಡಗಡೇನೇ ಕೂತ್ಕತೀನಿ!"

ಊರವರೆಲ್ಲ ಅವಳನ್ನು ರೇಷ್ಮೆ ಮೇಡಮ್ಮು ಅನ್ನುತ್ತಿದ್ದರಿಂದ ಗಂಡನೂ ಹಾಗೇ ಕರೆಯುವುದು. ಷರತ್ತು ಹಾಕಿದವರು ಮರೆತು ಬೀಡಿ ಹಚ್ಚಿದರು. ಹಾಕಿಸಿಕೊಂಡವಳು ಮರೆಯಲಿಲ್ಲ.

ಬೆಟ್ಟದ ಕಡೆ ರೆಸಾರ್ಟು ಕಟ್ಟುತ್ತೇನೆ ಅಂತ ಬಂದು, ಕಟ್ಟದೆ ಹೋದ ಒಬ್ಬ ಸಾಹುಕಾರ ತನ್ನ ಕಾರನ್ನು ಕೊಳ್ಳೇಗಾಲದ ಒಂದು ಗ್ಯಾರೇಜಿನ ಬೇವಿನ ಮರದ ಕೆಳಗೆ ಬಿಟ್ಟಿದ್ದ. ಮೂರು ವರ್ಷ ಅದರಲ್ಲಿ ಕೋಳಿಗಳು ಸಂಸಾರ ಮಾಡಿದ್ದವು. "ಇದು ಬಸ್ಸಿಗಿಂತ ಚೆನ್ನಾಗಿ ಎಳೀತದೆ ಮೇಡಮ್" ಅಂತ ಮೆಕ್ಯಾನಿಕ್ ಅಂದದ್ದೇ ತಡ, ಚಿಕ್ಕವ್ವ ಮಾತಾಡಿ ಮುಗಿಸಿಬಿಟ್ಟಳು. ಹಿಂದಿನ ಸೀಟೇ ಇಲ್ಲ ಅನ್ನುವುದು ಅವಳಿಗೆ ಇನ್ನೂ ಇಷ್ಟವಾಯಿತಂತೆ. ಕಾರು ಓಡಿಸುವುದನ್ನು ಚಿಕ್ಕಪ್ಪನೇ ಕಣ್ಣು ಚೆನ್ನಾಗಿದ್ದಾಗ ಅವಳಿಗೆ ಕಲಿಸಿದ್ದರು, ಆದ್ದರಿಂದ ಬಸ್ಸಿನ ಥರವೇ ಓಡಿಸುತ್ತಾಳೆ. ಸ್ಟಾಪು ಬಂದ ಕಡೆಯೆಲ್ಲ ನಿಧಾನ ಮಾಡುತ್ತಾಳೆ!

ನಾನು ಯಳಂದೂರಿನ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಭಾನುವಾರ ಒಂದು ದಿನ ಮಲಗೋಣ ಅಂದರೆ ಚಿಕ್ಕವ್ವನ ಫೋನು. "ಬಾರ್ಲಾ ಮಗ, ಬೆಟ್ಟಕ್ಕೆ ಓಗಿ ಬರುವ." ಮೊದಲ ಪರೀಕ್ಷೆಗೆ ಎಡಗಡೆ ಕೂತ ಕ್ಲೀನರ್ರು ನಾನೇ. ದಾರಿಯಲ್ಲಿ ಎಷ್ಟು ಹಂಪ್ ಇವೆ ಅನ್ನುವುದನ್ನು ನನ್ನ ಬೆನ್ನು ಎಣಿಸಿತು. ತಪ್ಪಲಿನ ಚೆಕ್‌ಪೋಸ್ಟ್ ದಾಟಿ ಘಾಟಿ ಶುರುವಾಯಿತು ನೋಡಿ, ಮೂರನೇ ತಿರುವಿಗೆ ಕಾರು ಏದುಸಿರು ಬಿಡತೊಡಗಿತು. ಚಿಕ್ಕವ್ವ ಒತ್ತುತ್ತಾಳೆ, ಅದು ಮುಲುಗುತ್ತದೆ. ಹಿಂದಿನಿಂದ ಬೆಟ್ಟದ ಬಸ್ಸು ಬಂದು ನಮ್ಮನ್ನು ದಾಟಿ ಹೋಯಿತು. ಕಂಡಕ್ಟರ್ ಬಾಗಿಲಲ್ಲಿ ಬಗ್ಗಿ, "ರೇಷ್ಮೆ ಮೇಡಮ್ಮೂ, ಅಗ್ಗ ಕೊಡ್ಲಾ? ಕಟ್ಟಿ ಎಳ್ಕಂಡ್ ಓಯ್ತೀವಿ!" ಅಂದ. ನನಗೆ ಸೀಟಿನ ಕೆಳಗೆ ತೂರಿಕೊಳ್ಳುವಷ್ಟು ನಾಚಿಕೆಯಾಯಿತು. ಆದರೆ ಆ ಕಾರಿನಲ್ಲಿ ಸೀಟಿನ ಕೆಳಗೆ ಜಾಗ ಎಲ್ಲಿದೆ?

ವಾಪಸ್ ಬಂದಾಗ ಚಿಕ್ಕಪ್ಪ ಜಗಲಿಯಲ್ಲೇ ಇದ್ದರು. "ರೇಸ್ ಕೊಡು" ಅಂದರು. ಕೊಟ್ಟಳು. ಕತ್ತು ಓರೆ ಮಾಡಿ ಕೇಳಿ, "ಉಸಿರು ಸಾಲ್ದು" ಅಂದರು.

ಮಾತು ನಿಜವೇ ಆಗಿತ್ತು. ಮೆಕ್ಯಾನಿಕ್ ಬಾನೆಟ್ ಎತ್ತಿ ತೋರಿಸಿದ. ಹೊರಗಿನಿಂದ ಎಂಜಿನ್ನಿಗೆ ಗಾಳಿ ತರುವ ರಬ್ಬರ್ ಕೊಳವೆಯನ್ನು ಹೆಗ್ಗಣ ತಿಂದುಹಾಕಿತ್ತು. "ತಣ್ಣನೆ ಗಾಳಿ ಬತ್ತಾ ಇಲ್ಲ ಮೇಡಮ್. ಎಂಜಿನ್ ಮ್ಯಾಲಿನ ಬಿಸಿ ಗಾಳಿನೇ ಮತ್ತೆ ಮತ್ತೆ ಕುಡೀತಾ ಅದೆ. ಅದ್ಕೇ ಘಾಟಿಲಿ ಎಳೀತಿಲ್ಲ. ಕಂಪ್ನಿ ಈ ಮಾಡ್ಲು ನಿಲ್ಲಿಸ್ಬುಟ್ಟದೆ, ಕೊಳವೆ ಫಾರಿನ್ನಿಂದ ತರಿಸ್ಬೇಕು. ಆರ್ ತಿಂಗ್ಳೋ, ವರ್ಸನೋ."

"ಗಾಳಿ ತರಕ್ಕೆ ಫಾರಿನ್ಗೆ ಓಗ್ಬೇಕೇನ್ಲಾ?" ಅಂದಳು ಚಿಕ್ಕವ್ವ.

ತನ್ನ ಹಲಗೆ ತಂದು ಬಾನೆಟ್ಟಿನೊಳಗೆ ಇಟ್ಟಳು. ಸ್ವಲ್ಪ ಹೊತ್ತು ಬಿಟ್ಟು ತೆಗೆದು ನೋಡಿದವಳು ಎದೆ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ಶಿವನೇ! ಪಾದರಸ ಮ್ಯಾಲ್ಗಂಟ ಓಗ್ಬುಟ್ಟದೆ. ಈ ಶಾಖದಲ್ಲಿ ಯಾವ ಉಳ ಬದುಕ್ತದೆ? ಇದಕ್ಕೆ ಸಪ್ಪೆ ರೋಗ ಕಣ್ಲಾ." ಸೆಕೆಗೆ ಗಾಳಿಯಿಲ್ಲದೆ ಹುಳು ಮೆತ್ತಗಾಗಿ ಸೊಪ್ಪು ಬಿಡುವ ಕಾಯಿಲೆ ಅದು. ಮೆಕ್ಯಾನಿಕ್ ನನ್ನ ಮುಖ ನೋಡಿದ, ನಾನು ಬೇವಿನ ಮರ ನೋಡಿದೆ. ಅವತ್ತಿನಿಂದಲೇ ಶೆಡ್ಡಿನ ಬಾಗಿಲಿಗೆ ಬಕೆಟ್ಟು, ಬ್ಲೀಚಿಂಗ್ ಪುಡಿ ಬಂದದ್ದು.

ಮೊದಲ ಚಿಕಿತ್ಸೆ ಪಿ.ವಿ.ಸಿ. ಪೈಪಿನದು. ಮುಳ್ಳೂರಿನಲ್ಲಿ ನಮ್ಮ ದೊಡ್ಡಪ್ಪನ ಮಗ ಗದ್ದೆಗೆ ನೀರು ಹಾಯಿಸುವ ಪೈಪು ರಾಶಿ ಹಾಕಿಕೊಂಡಿದ್ದಾನೆ. ಅಲ್ಲಿಂದ ಒಂದು ಉದ್ದನೆಯ ತುಂಡು, ಮೂರು ಎಲ್ಬೋ, ಒಂದು ಡಬ್ಬಿ ಗಮ್ಮು. ಕಾರಿನ ಮುಂದಿನ ಜಾಲರಿಯಿಂದ ಹೊರಟು, ಎಂಜಿನ್ ಮೇಲೆ ಹಾದು, ಎಂಜಿನ್ನಿಗೆ ಗಾಳಿ ಸೋಸಿ ಕೊಡುವ ಡಬ್ಬಿಗೆ ಸೇರುವ ಹಾಗೆ ಕೂರಿಸಿದಳು. ನಿಜ ಹೇಳಬೇಕೆಂದರೆ ಕೆಲಸ ಅಚ್ಚುಕಟ್ಟಾಗಿತ್ತು. ಪೈಪಿನ ಬಾಯಿಗೆ ನೈಲಾನ್ ಬಲೆ ಬೇರೆ ಕಟ್ಟಿದ್ದಳು.

"ಇದ್ಯಾಕೆ ಚಿಕ್ಕವ್ವ?"

"ಊಜಿ ನೊಣ ಬತ್ತದೆ."

ಊಜಿ ನೊಣ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುವ ನೊಣ. ಅದು ಕಾರಿನ ಎಂಜಿನ್ ಮೇಲೆ ಮೊಟ್ಟೆ ಇಟ್ಟದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಆದರೆ ಮೇಷ್ಟ್ರ ಮಾತು ಯಾರು ಕೇಳುತ್ತಾರೆ?

ಯಳಂದೂರು ದಾಟುವಷ್ಟರಲ್ಲಿ ಕಾರಿನೊಳಗೆ ಸುಟ್ಟ ವಾಸನೆ. ನಿಲ್ಲಿಸಿ ಬಾನೆಟ್ ಎತ್ತಿದರೆ, ಎಂಜಿನ್ ಕಾವಿಗೆ ಪೈಪು ಬೆಂದ ನುಗ್ಗೆಕಾಯಿಯ ಹಾಗೆ ಜೋತುಬಿದ್ದಿತ್ತು. ಗಾಳಿ ಹೋಗುವ ದಾರಿಯೇ ಮುಚ್ಚಿಹೋಗಿತ್ತು. ತಳ್ಳಿಕೊಂಡು ಬಂದು, ಯಾರದೋ ಟ್ರ್ಯಾಕ್ಟರಿಗೆ ಕಟ್ಟಿಸಿ ಮನೆ ಸೇರಿದೆವು. ಚಿಕ್ಕಪ್ಪ ಆ ಪೈಪನ್ನು ಕೈಯಲ್ಲಿ ಸವರಿ ನೋಡಿದರು. "ಇದೇನೇ, ಕಾರಾ ಬೋರ್‌ವೆಲ್ಲಾ? ನೀರು ಬಂತಾ?" ಅಂದರು. ಅವತ್ತು ಅವರಿಗೆ ಊಟದಲ್ಲಿ ಉಪ್ಪು ಸಿಗಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಉಪ್ಪೂ ಒಳ್ಳೆಯದಲ್ಲ ಅಂತ ಚಿಕ್ಕವ್ವನ ಸಮಜಾಯಿಷಿ.

ಎರಡನೇ ಚಿಕಿತ್ಸೆಯಲ್ಲಿ ನನ್ನ ಪಾಪವೂ ಇದೆ, ಒಪ್ಪಿಕೊಳ್ಳುತ್ತೇನೆ. ಒಂದು ಸಂಜೆ ಫೋನು ಮಾಡಿ, "ಮೇಷ್ಟ್ರೇ, ನೀರು ಆವಿಯಾದ್ರೆ ತಂಪಾಯ್ತದಾ ಇಲ್ವಾ?" ಅಂತ ಕೇಳಿದಳು. ನಾನು ಪಾಠದ ಗತ್ತಿನಲ್ಲಿ, "ಖಂಡಿತ ಆಗುತ್ತೆ ಚಿಕ್ಕವ್ವ" ಅಂದೆ. ಯಾಕೆ ಕೇಳಿದೆ ಅಂತ ಕೇಳಬೇಡವೆ ನಾನು? ಕೇಳಲಿಲ್ಲ. ಬೇಸಿಗೆಯಲ್ಲಿ ಹುಳುಮನೆಯ ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಾರೆ. ಅದರ ಮೂಲಕ ಬರುವ ಗಾಳಿ ತಣ್ಣಗಿರುತ್ತದೆ. ಅದನ್ನೇ ಕಾರಿಗೂ ಮಾಡಿಬಿಟ್ಟಳು! ಗಾಳಿ ಬರುವ ಬಾಯಿಗೆ ನಾಲ್ಕು ಪದರ ಗೋಣಿ, ಅದರ ಮೇಲೆ ತೊಟ್ಟಿಕ್ಕಲು ಆಸ್ಪತ್ರೆಯ ಗ್ಲೂಕೋಸ್ ಬಾಟಲಿ. ಬಾಟಲಿಯನ್ನು ಬಾಗಿಲ ಪಕ್ಕದ ಕನ್ನಡಿಗೆ ಕಟ್ಟಿ, ಅದರ ನಳಿಕೆಯನ್ನು ಬಾನೆಟ್ ಸಂದಿಯಿಂದ ಒಳಗೆ ಬಿಟ್ಟಿದ್ದಳು. ನೋಡಿದವರಿಗೆ ಕಾರನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಸಾಗಿಸುತ್ತಿದ್ದಾರೆ ಅನ್ನಿಸಬೇಕು.

ಮೊದಲ ಎರಡು ಮೈಲಿ ಕಾರು ಹಾರಿತು. ಸುಳ್ಳಲ್ಲ, ಹಾರಿತು! ಚಿಕ್ಕವ್ವ ನನ್ನ ತೊಡೆಗೆ ಹೊಡೆದು, "ನೋಡ್ದೇನ್ಲಾ, ಜ್ವರ ಎದ್ಬುಟ್ತು!" ಅಂದಳು. ಹುಳು ಪೊರೆ ಬಿಡಲು ತಿನ್ನದೆ ಮಲಗುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ; ಜ್ವರದಿಂದ ಎದ್ದ ಹುಳುವಿಗೆ ಭಯಂಕರ ಹಸಿವು. ಮೂರನೇ ಮೈಲಿಯಲ್ಲಿ ಎದುರಿಗೆ ಆಡಿನ ಮಂದೆ ಬಂತು. ಬ್ರೇಕ್ ಹಾಕಿದಳು. ಗೋಣಿಯಲ್ಲಿ ತುಂಬಿದ್ದ ನೀರೆಲ್ಲ ಸೊರಕ್ಕಂತ ಒಳಗೆ ಹೋಯಿತು. ಕಾರು ಒಂದು ಸಲ ಕೆಮ್ಮಿತು, ಎರಡು ಸಲ ಸೀನಿತು, ಹಳದಿ ದೀಪ ಹಚ್ಚಿಕೊಂಡು ನಿಂತುಬಿಟ್ಟಿತು. ಸುತ್ತ ಆಡುಗಳು. ಅದರಲ್ಲಿ ಒಂದು ಗೋಣಿಯ ತುದಿಯನ್ನು ಕಿತ್ತು ತಿನ್ನಲು ಶುರುಮಾಡಿತು.

ಎಂಜಿನ್ ಒಣಗಿಸಿ ಸರಿಮಾಡಲು ಮೆಕ್ಯಾನಿಕ್‌ಗೆ ವಾರ ಹಿಡಿಯಿತು. "ಒದ್ದೆ ಗೋಣಿ ಕಟ್ಟಿ ಅಂತ ನಮ್ಮ ಕೈಪಿಡಿಲೇ ಬರ್ದದೆ" ಅಂತ ಚಿಕ್ಕವ್ವ ಕೊನೆಯವರೆಗೂ ವಾದಿಸಿದಳು. "ಅದು ಉಳುವಿನ ಕೈಪಿಡಿ ಮೇಡಮ್" ಅಂತ ಅವನು ಅಳುವ ದನಿಯಲ್ಲಿ ಹೇಳಿದ. ಚಿಕ್ಕಪ್ಪ ಜಗಲಿಯಿಂದಲೇ, "ಎಂಜಿನ್ಗೆ ಪಾನಕ ಕುಡಿಸ್ದೆ. ಕೋಸಂಬರಿನೂ ಕೊಡ್ಬೇಕಾಗಿತ್ತು" ಅಂದರು.

ಇಷ್ಟಾದ ಮೇಲಾದರೂ ಬಿಡಬಹುದಿತ್ತಲ್ಲ? ನಾನೂ ಅದನ್ನೇ ಕೇಳಿದೆ. ಆಗ ಅವಳು ಶೆಡ್ಡಿನಲ್ಲಿ ಒಂದು ತಗಡು ಕತ್ತರಿಸುತ್ತಾ ಕೂತಿದ್ದಳು. ತಲೆ ಎತ್ತದೆ ಹೇಳಿದಳು.

"ಮೊನ್ನೆ ನಿಮ್ ಚಿಕ್ಕಪ್ಪನ್ನ ಕಣ್ಣಿನ ಡಾಕ್ಟ್ರತ್ರ ನಡೆಸ್ಕಂಡ್ ಓಗಿದ್ದೆ ಕಣೋ. ಅವ್ರನ್ನ ಈಚೆ ಕೂರ್ಸಿ ನಂಗೊಬ್ಳಿಗೇ ಏಳುದ್ರು. ಈಗ ಒಸಿ ನೆಳ್ಳು ಬೆಳಕು ಕಾಣ್ತದಂತೆ. ಅದೂ ಜಾಸ್ತಿ ದಿನ ಇರಾಕಿಲ್ವಂತೆ." ಕತ್ತರಿ ಎರಡು ಸಲ ಆಡಿಸಿದಳು. "ಇರೋಗಂಟ ಒಂದ್ಸಲ ಬೆಟ್ಟ ನೋಡ್ಲಿ. ಅಷ್ಟೇಯ ನಂಗೆ. ಆಮ್ಯಾಕೆ ಈ ಕಾರ್ನ ಕೋಳಿಗೇ ಕೊಟ್ಬುಡು ಬೇಕಾದ್ರೆ."

ನಾನೂ ಅವಳ ಎದುರು ಕೂತೆ. ತಗಡಿನ ಇನ್ನೊಂದು ತುದಿ ಹಿಡಿದುಕೊಂಡೆ. ಅವತ್ತಿನಿಂದ ಭಾನುವಾರ ನಿದ್ದೆ ಹೋಯಿತು ಅಂತ ಗೊಣಗುವುದನ್ನೂ ಬಿಟ್ಟೆ.

ಮೂರನೇ ಸಲ ಅವಳು ಹುಳುವಿನ ಜೊತೆಗೆ ಮೆಕ್ಯಾನಿಕ್ಕಿನ ಮಾತನ್ನೂ ಸ್ವಲ್ಪ ಕೇಳಿದಳು. ಹನೂರಿನಲ್ಲಿ ಒಬ್ಬ ವೆಲ್ಡಿಂಗ್‌ನವನಿದ್ದಾನೆ. ಗಡಿಯ ಕಡೆಯವನು, ಅರ್ಧ ತಮಿಳು ಅರ್ಧ ಕನ್ನಡ, ಪೂರ್ತಿ ಒಳ್ಳೆಯವನು. ಅವನ ಹತ್ತಿರ ತೆಳು ಸ್ಟೀಲಿನ ಪೈಪು ಬಗ್ಗಿಸಿ, ಬೆಸೆದು ಕೊಡಲು ಹೇಳಿದಳು. "ಮಾಡ್ಕೊಡ್ತೀನಮ್ಮಾ, ಪರವಾಯಿಲ್ಲೆ. ಆದ್ರೆ ಇದು ಎನ್ನ, ಏನು ಸಾಮಾನು? ಒಲೆಗಾ, ಗಾಡಿಗಾ?" ಅಂದ. "ಗಾಡಿಗೆ ಮೂಗು ಕಣಪ್ಪ" ಅಂದಳು. ಅವನು ನಮ್ಮ ಗಾಡಿಯ ಮುಖ ನೋಡಿ, ಬೆರಳಲ್ಲಿ ಅಳತೆ ಹಿಡಿದು, ಮೂಗು ಮಾಡಿಕೊಟ್ಟ.

ಈ ಪೈಪು ಎಂಜಿನ್ ಮೇಲೆ ಹಾಯುವುದಿಲ್ಲ, ಪಕ್ಕದಿಂದ ಬಳಸಿ ಬರುತ್ತದೆ. ಎಂಜಿನ್ ಕಾವು ಗಾಳಿ ಡಬ್ಬಿಗೆ ತಾಗದ ಹಾಗೆ ನಡುವೆ ಒಂದು ತಗಡಿನ ಗೋಡೆ. ಆ ತಗಡು ಎ‌ಲ್ಲಿಯದು ಅಂತೀರಿ? ಹಳೇ ಹುಳುಮನೆಯೊಂದನ್ನು ಕೆಡವಿದಾಗ ಬಂದ ಬೋರ್ಡು. ಇವತ್ತಿಗೂ ನೀವು ಬಾನೆಟ್ ಎತ್ತಿದರೆ ಎಂಜಿನ್ ಪಕ್ಕದಲ್ಲಿ ಹಸಿರು ಅಕ್ಷರದಲ್ಲಿ "ಅಪರಿಚಿತರಿಗೆ ಪ್ರವೇ" ಅಂತ ಓದಬಹುದು. ಉಳಿದರ್ಧ ಬಚ್ಚಲು ಮನೆಯ ಬಾಗಿಲಿಗೆ ಹೋಗಿದೆ. ಊಜಿ ನೊಣದ ಬಲೆಯನ್ನು ಮಾತ್ರ ಅವಳು ಬಿಟ್ಟುಕೊಡಲಿಲ್ಲ. ಎಲೆ, ಕಸ, ಹೆಗ್ಗಣ ಯಾವುದೂ ಒಳಗೆ ಹೋಗದು ಅಂತ ಮೆಕ್ಯಾನಿಕ್ಕೂ ಆ ಬಲೆಯನ್ನು ಮೆಚ್ಚಿದ.

ಆ ಭಾನುವಾರ ನಾವಿಬ್ಬರೂ ಬೆಟ್ಟ ಹತ್ತಿದೆವು. ಮೂರನೇ ತಿರುವು ಬಂತು, ಹೋಯಿತು. ಕಾರಿಗೆ ಏದುಸಿರಿಲ್ಲ, ಮುಲುಗಾಟವಿಲ್ಲ. ಮುಂದೆ ಬೆಟ್ಟದ ಬಸ್ಸು! ಚಿಕ್ಕವ್ವ ಹಾರನ್ ಹೊಡೆದು ಅದನ್ನು ದಾಟಿದಳು. ಅದೇ ಕಂಡಕ್ಟರ್ ಬಾಯಿ ಬಿಟ್ಟುಕೊಂಡು ನೋಡಿದ. "ಅಗ್ಗ ಬೇಕೇನಪ್ಪಾ?" ಅಂತ ನಾನೇ ಕೂಗಿದೆ. ಒಬ್ಬ ಹೈಸ್ಕೂಲು ಮೇಷ್ಟ್ರು ಹಾಗೆಲ್ಲ ಕೂಗಬಾರದು, ಗೊತ್ತು. ಕೂಗಿದೆ. ಮೇಲೆ ಹೋಗಿ ಹಲಗೆ ಇಟ್ಟು ನೋಡಿದಳು. ಡಬ್ಬಿಯೊಳಗಿನ ಗಾಳಿಗೂ ಹೊರಗಿನ ಗಾಳಿಗೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ.

ಗೆದ್ದೆವು ಅಂತ ಮನೆಗೆ ಬಂದೆವು. ಮೆಕ್ಯಾನಿಕ್ಕೂ ಬಂದು ನಿಂತಿದ್ದ. "ರೇಸ್ ಕೊಡು" ಅಂದರು ಚಿಕ್ಕಪ್ಪ. ಎಂಜಿನ್ ಸುಯ್ಯೆಂದು ಉಸಿರೆಳೆದು ಗುಡುಗಿತು. ಚಿಕ್ಕಪ್ಪನ ಮುಖದಲ್ಲಿ ಒಂದು ನಗು ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಬಂದದ್ದು ಹಾಗೇ ವಾಪಸ್ ಹೋಯಿತು.

"ಇಲ್ಲ. ಉಸಿರು ಸಾಲ್ದು."

"ಯಜಮಾನ್ರೇ, ದ್ಯಾವ್ರು ಮೆಚ್ತನಾ?" ಅಂದ ಮೆಕ್ಯಾನಿಕ್. "ಇದ್ಕಿಂತ ಉಸಿರು ಇನ್ಯಾವ ಗಾಡಿಗದೆ?"

"ಸಾಲ್ದು ಅಂದ್ನಲ್ಲ."

ಚಿಕ್ಕವ್ವ ಜಗಳಕ್ಕೆ ನಿಲ್ಲುತ್ತಾಳೆ ಅಂದುಕೊಂಡೆ. ನಿಲ್ಲಲಿಲ್ಲ. ಎಂಜಿನ್ ಆರಿಸಿ, ಇಳಿದು ಬಂದು, ಕಾರಿನ ಕೀಯನ್ನು ಗಂಡನ ಮಡಿಲಿಗೆ ಹಾಕಿದಳು.

"ಸರಿ ಬುಡಿ. ನಾಳೆ ಮಾರ್ಬುಡ್ತೀನಿ. ಎಂಜಿನ್ ಆದ್ರೆ ರಿಪೇರಿ ಮಾಡ್ಬೋದು, ನಿಮ್ಮ ಅಟ ರಿಪೇರಿ ಮಾಡಕ್ಕೆ ನನ್ ಕೈಲಾಗಲ್ಲ. ನಿಮ್ಗೆ ಬೆಟ್ಟ ತೋರಿಸ್ಬೇಕು ಅಂತ ಇತ್ತು ನಂಗೆ. ಅಷ್ಟೇಯ."

ಹೇಳಿ ಅಲ್ಲೇ ಜಗಲಿಯ ಇನ್ನೊಂದು ತುದಿಯಲ್ಲಿ ಕೂತಳು. ಸೆರಗಲ್ಲಿ ಮುಖ ಒರೆಸಿಕೊಂಡಳು, ಬೆವರೋ ಇನ್ನೊಂದೋ. ಮೆಕ್ಯಾನಿಕ್ ಮೆಲ್ಲಗೆ ಜಾಗ ಖಾಲಿ ಮಾಡಿದ. ಚಿಕ್ಕಪ್ಪ ಕೀಯನ್ನು ಬೆರಳಲ್ಲಿ ತಿರುವಿದರು. ಆಮೇಲೆ ಗೋಡೆ ಹಿಡಿದು ಎದ್ದು ನಿಂತರು.

"ನಡಿ. ಎಲ್ಲದೆ ನಿನ್ನ ಗಾಡಿ, ತೋರ್ಸು."

ಜೀವಮಾನವೆಲ್ಲ ಬಸ್ಸಿಗೆ ಮೇಲೆ ಹತ್ತಿದವರು, ಈಗ ಕಾರಿನೊಳಕ್ಕೆ ಕೆಳಗೆ ಇಳಿಯಬೇಕಾಯಿತು. "ಗಾಡಿ ಅತ್ತೋದು ಅಂತಾರೆ. ಇದೇನೇ ಇದು, ಬಾವಿಗಿಳ್ದಂಗದೆ!" ಅಂತ ಬೈಯುತ್ತಲೇ ಎಡಗಡೆ ಸೀಟಿನಲ್ಲಿ ಕೂತರು. ಎರಡೇ ಸೀಟು, ನಾನು ನನ್ನ ಬೈಕಿನಲ್ಲಿ ಹಿಂದೆ ಹೊರಟೆ.

ಕಾರು ಘಾಟಿಯಲ್ಲಿ ನನ್ನನ್ನು ಬಿಟ್ಟು ಎಲ್ಲೋ ಮುಂದೆ ಹೋಯಿತು. ನಾನು ನನ್ನ ಪಾಡಿಗೆ ಒಂದೊಂದೇ ತಿರುವು ಹತ್ತುತ್ತಾ ಹೋಗಿ ನೋಡಿದರೆ, ಅರ್ಧ ದಾರಿಯಲ್ಲಿ, ಒಂದು ಅಗಲವಾದ ತಿರುವಿನಲ್ಲಿ ಕಾರು ನಿಂತಿದೆ. ಇಬ್ಬರೂ ಕೆಳಗಿಳಿದಿದ್ದಾರೆ. ಮುಗೀತು, ಮೂಗು ಕಳಚಿಕೊಂಡಿತು ಅಂದುಕೊಂಡೆ. ಹತ್ತಿರ ಹೋದೆ. ಎಂಜಿನ್ ಓಡುತ್ತಲೇ ಇತ್ತು, ಒಂದೇ ಸಮನೆ, ಹಾಯಾಗಿ.

"ಏನಾಯ್ತು ಚಿಕ್ಕವ್ವ?"

"ಏನಿಲ್ಲ. ನಿಲ್ಸು ಅಂದ್ರು. ನಿಲ್ಸ್ದೆ."

ಚಿಕ್ಕಪ್ಪ ರಸ್ತೆಯ ಅಂಚಿನ ಕಲ್ಲುಗೋಡೆಗೆ ಕೈ ಊರಿ, ಕಣಿವೆಯ ಕಡೆ ಮುಖ ಮಾಡಿ ನಿಂತಿದ್ದರು. ಎಂಜಿನ್ ಕಡೆ ಕೈ ತೋರಿಸಿ, "ಚೆನ್ನಾಗಿ ಉಸಿರಾಡ್ತಾ ಅದೆ ಕಣೇ. ಆಗ್ಲೇ ಗೊತ್ತಾಯ್ತು ನಂಗೆ" ಅಂದರು. ಆಮೇಲೆ ಎಡಗಡೆಗೆ ತಿರುಗಿ ಕೈ ಚಾಚಿದರು.

"ಅಗೋ ನೋಡು, ಬೂರುಗದ ಮರ! ಮೈತುಂಬ ಕೆಂಪು ಊವ ಬುಟ್ಟದಲ್ಲ. ಈ ಟೈಮಲ್ಲಿ ಇಲ್ಲಿಗೆ ಬಂದಾಗ ಬಸ್ ಒಂದ್ ನಿಮ್ಸ ನಿಲ್ಲಿಸ್ತಿದ್ದೆ. ಕಂಡಕ್ಟ್ರು ಬೈಕಳೋನು. ನಿಂಗೆ ಒಂದ್ಸಲ ತೋರಿಸ್ಬೇಕು ಅಂತಿದ್ದೆ ನಾನೂವೆ. ಕಾಣ್ತದಾ?"

ನಾನು ಅವರ ಕೈ ತೋರಿಸಿದ ಕಡೆ ನೋಡಿದೆ. ಅಲ್ಲಿ ಮರವಿರಲಿಲ್ಲ. ಹೋದ ಮಳೆಗಾಲದಲ್ಲಿ ಉರುಳಿದ್ದನ್ನು ಕಡಿದು ಸಾಗಿಸಿದ್ದರು. ರಸ್ತೆ ಪಕ್ಕದಲ್ಲಿ ಮೊಣಕಾಲೆತ್ತರದ ಒಂದು ಬೊಡ್ಡೆ, ಅದರ ಹಿಂದೆ ಖಾಲಿ ಆಕಾಶ.

ಚಿಕ್ಕಪ್ಪನಿಗೆ ಏನೂ ಕಾಣುತ್ತಿರಲಿಲ್ಲ. ನೆಳ್ಳು ಬೆಳಕು ಯಾವತ್ತೋ ಹೋಗಿಬಿಟ್ಟಿತ್ತು. ಡಾಕ್ಟರ ಹತ್ತಿರವೂ ಕಾಣುತ್ತದೆ ಅಂತಲೇ ಸಾಧಿಸಿದ್ದಿರಬೇಕು. ಕಾರು ಹತ್ತಿದರೆ, ಬೆಟ್ಟಕ್ಕೆ ಬಂದರೆ, ಹೆಂಡತಿಗೆ ಗೊತ್ತಾಗಿಬಿಡುತ್ತದೆ, ಅವಳು ಇಷ್ಟೆಲ್ಲ ಪಾಡು ಪಟ್ಟದ್ದು ದಂಡವಾಯಿತು ಅಂತ ಕೊರಗುತ್ತಾಳೆ ಅಂತಲೇ ಚೆನ್ನಾಗಿದ್ದ ಎಂಜಿನ್ನಿಗೆ ಇಲ್ಲದ ಕಾಯಿಲೆ ಹೇಳಿದ್ದರು. ನಾನು, "ಚಿಕ್ಕಪ್ಪ, ಆ ಮರ..." ಅಂತ ಬಾಯಿ ತೆಗೆದೆ. ಚಿಕ್ಕವ್ವ ನನ್ನ ಮಣಿಕಟ್ಟನ್ನು ಹಿಡಿದಳು. ಎಷ್ಟು ಬಿಗಿಯಾಗಿ ಹಿಡಿದಳು ಅಂದರೆ ನೋವಾಯಿತು.

ಅವಳು ಆ ಬೊಡ್ಡೆಯನ್ನು ನೋಡಿದಳು. ಗಂಡನ ಮುಖವನ್ನು ನೋಡಿದಳು.

"ಊಂ ಕಣ್ರಿ, ಕಾಣ್ತಾ ಅದೆ. ಈ ವರ್ಸ ಜಾಸ್ತಿನೇ ಬುಟ್ಟದೆ."

"ಎಲೆ ಎಲ್ಲ ಉದುರೋಗದಾ?"

"ಒಂದೂ ಇಲ್ಲ. ಬರೀ ಊವ."

"ಊಂ" ಅಂದರು ಚಿಕ್ಕಪ್ಪ. "ನಂಗೂ ಅಂಗೇ ಕಾಣ್ತದೆ."

ಇಬ್ಬರೂ ಪಕ್ಕಪಕ್ಕದಲ್ಲಿ ನಿಂತು ಆ ಖಾಲಿ ಜಾಗವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬೈಕಿನ ಚೈನು ಸಡಿಲವಾಗಿದೆ ಅನ್ನುವ ಹಾಗೆ ಬಗ್ಗಿ, ಬರುತ್ತಿದ್ದ ಅಳುವನ್ನು ಅಲ್ಲೇ ಮುಗಿಸಿಕೊಂಡೆ.

ಆಮೇಲೆ ಚಿಕ್ಕವ್ವ ಅವರ ತಲೆ ತಾಗದ ಹಾಗೆ ಕೈ ಅಡ್ಡ ಹಿಡಿದು ಎಡಗಡೆ ಕೂರಿಸಿದಳು. ಕಾರು ಹೊರಟಿತು. ನಾನು ಈ ಸಲ ಬಿಡದೆ ಹಿಂದೆಯೇ ಹೋದೆ. ತೆರೆದ ಕಿಟಕಿಯಿಂದ ಚಿಕ್ಕಪ್ಪನ ದನಿ ಕೇಳುತ್ತಿತ್ತು. "ಬಲಕ್ಕೆ ದೊಡ್ಡ ತಿರುವು ಬತ್ತದೆ, ಎರಡ್ನೇ ಗೇರ್ಗೆ ಆಕು. ಆರನ್ ಒಡಿ. ಊಂ, ಈಗ ಬುಡು." ಅವರು ಆಕು ಅಂದಾಗ ಅವಳು ಹಾಕಿದಳು, ಬುಡು ಅಂದಾಗ ಬಿಟ್ಟಳು. ಮೇಲೆ ದೇವಸ್ಥಾನದ ತನಕವೂ ಆ ಗಾಡಿ ಓಡಿಸಿದ್ದು ಚಿಕ್ಕಪ್ಪನೇ.